ಬೊಡ್ಡೆ ಮೆಷಿನ್ನಿಗೆ ಕಣ್ಣಿಲ್ಲ

ಹೋದ ವಾರ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನೇ ದಿಟ್ಟಿಸುತ್ತಾ ಹತ್ತಿರ ಬಂದರು. ‘ನೀವು ಬೊಡ್ಡೆಯವರಲ್ವಾ?’ ಎಂದರು. ಹೌದೆಂದೆ. ಅವರು ಭಕ್ತಿಯಿಂದ ಕೈಮುಗಿದು ಬಸ್ಸು ಹತ್ತಿದರು. ಪಕ್ಕದಲ್ಲಿದ್ದ ನನ್ನ ಹೆಂಡತಿ ವಿಶಾಲು ಮನೆ ಸೇರುವವರೆಗೆ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಅವಳ ಸಿಟ್ಟು ನ್ಯಾಯವಾದದ್ದೇ. ಅವಳು ಮದುವೆಯಾಗಿದ್ದು ಬ್ಯಾಂಕಿನವನನ್ನು. ಇಪ್ಪತ್ತೈದು ವರ್ಷ ‘ಬ್ಯಾಂಕಿನವರ ಮನೆಯವರು’ ಅನ್ನಿಸಿಕೊಂಡು ಮದುವೆ ಮುಂಜಿಗಳಲ್ಲಿ ಮೊದಲ ಪಂಕ್ತಿಯಲ್ಲಿ ಕೂತವಳು. ಈಗ ಏಕಾಏಕಿ ‘ಬೊಡ್ಡೆಯವರ ಮನೆಯವರು’ ಅಂದರೆ ಹೇಗಾಗಬೇಡ? (ಆ ಪದದ ಕೊನೆಯ ಅಕ್ಷರ ಕೊಂಚ ಜಾರಿದರೂ ನಮ್ಮ ಸೀಮೆಯಲ್ಲಿ ಬೈಗುಳವಾಗುತ್ತದೆ. ನಮ್ಮ ಮೊದಲ ಬೋರ್ಡು ಬರೆದ ಪೇಂಟರ್ ಜಾರಿಸಿಯೇ ಬರೆದಿದ್ದ. ಎರಡು ದಿನ ಗೇಟಿನ ಮೇಲೆ ನೇತಾಡಿತು. ಕೊನೆಗೆ ಹಾಲಿನವನು ನಾಚಿಕೊಂಡು ತಿಳಿಸಿದ.)

ಬೊಡ್ಡೆ ಅಂದರೆ ಏನು ಅಂತ ನಿಮಗೆ ಗೊತ್ತು. ಮರ ಕಡಿದ ಮೇಲೆ ನೆಲ ಕಚ್ಚಿಕೊಂಡು ಉಳಿಯುತ್ತದಲ್ಲ, ಅದು. ಮರ ಕಡಿಯುವವರು ಮರ ಹೊತ್ತುಕೊಂಡು ಹೋಗುತ್ತಾರೆ. ಬೊಡ್ಡೆ ನಿಮ್ಮ ಪಾಲಿಗೆ. ಅದರ ಮೇಲೆ ಮನೆ ಕಟ್ಟುವ ಹಾಗಿಲ್ಲ, ಪಕ್ಕದಲ್ಲಿ ಗಿಡ ನೆಡುವ ಹಾಗಿಲ್ಲ, ಕತ್ತಲಲ್ಲಿ ಎಡವದೆ ಇರುವ ಹಾಗೂ ಇಲ್ಲ. ಅಂಥ ಬೊಡ್ಡೆಗಳನ್ನು ಮೆಷಿನ್ನಿನಿಂದ ಪುಡಿ ಮಾಡಿ ನೆಲ ಸಮ ಮಾಡಿಕೊಡುವುದು ನನ್ನ ಉದ್ಯೋಗ.

ಯಾರಾದರೂ ಬೇಕು ಅಂತ ಇಂಥ ಕೆಲಸಕ್ಕೆ ಇಳಿಯುತ್ತಾರೆಯೇ? ನಾನು ಇಳಿದೆ.

ಬ್ಯಾಂಕುಗಳು ವಿಆರ್‌ಎಸ್ ಅಂತ ಸ್ವಯಂ ನಿವೃತ್ತಿ ಕೊಟ್ಟ ಕಾಲ ಅದು. ನಾನೂ ತಗೊಂಡೆ. ಮೊದಲ ಸೋಮವಾರ ಹತ್ತು ಗಂಟೆಗೆ ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡು, ಹೋಗುವುದಕ್ಕೆ ಜಾಗವಿಲ್ಲದೆ ಹಿತ್ತಲಿಗೆ ಹೋಗಿ ನಿಂತೆ. ಅಲ್ಲಿ ಬೋರೇಗೌಡರು ನಮ್ಮ ತೆಂಗಿನ ಬೊಡ್ಡೆ ಅಗೆಯುತ್ತಿದ್ದರು.

ಬೋರೇಗೌಡರು ಶಾಂತಿಗ್ರಾಮದವರು. ಐವತ್ತು ದಾಟಿದ ಒಣಕಲು ಆಳು. ಕೊಡಲಿ, ಹಾರೆ, ಗುದ್ದಲಿ ಹಿಡಿದು ಮೂವತ್ತು ವರ್ಷದಿಂದ ಇದೇ ಕೆಲಸ. ನಮ್ಮ ಬೊಡ್ಡೆಗೆ ಮೂರು ದಿನ ಹಿಡಿಯುತ್ತದೆ ಅಂದಿದ್ದರು, ಮೂರೇ ದಿನ ಹಿಡಿಯಿತು. ಆ ಮೂರೂ ದಿನ ನಾನು ಕುರ್ಚಿ ಹಾಕಿಕೊಂಡು ಅವರ ಎದುರು ಕೂತು ಸಲಹೆ ಕೊಟ್ಟೆ. ಅವರು ಒಂದನ್ನೂ ತಗೊಳ್ಳಲಿಲ್ಲ.

ಮೂರನೇ ದಿನ ನನಗೆ ಜ್ಞಾನೋದಯವಾಯಿತು. ಬ್ಯಾಂಕಿನ ಕೆಲಸದ ಮೇಲೆ ಸಕಲೇಶಪುರದ ಕಡೆ ಒಂದು ಎಸ್ಟೇಟಿಗೆ ಹೋಗಿದ್ದಾಗ ಬೊಡ್ಡೆ ಅರೆಯುವ ಮೆಷಿನ್ ಕಂಡಿದ್ದೆ. ಹಲ್ಲುಗಳಿರುವ ದಪ್ಪ ಚಕ್ರ ಗಿರ್ರನೆ ತಿರುಗಿ ಅರ್ಧ ಗಂಟೆಯಲ್ಲಿ ಬೊಡ್ಡೆಯನ್ನು ಅವಲಕ್ಕಿ ಮಾಡಿತ್ತು. ಹಾಸನದ ಸುತ್ತ ಆಗ ಎಲ್ಲಿ ನೋಡಿದರೂ ಹೊಸ ಬಡಾವಣೆ, ಎಲ್ಲಿ ನೋಡಿದರೂ ಮರ ಉರುಳುತ್ತಿತ್ತು. ಬೊಡ್ಡೆಗಳಿಗೇನು ಬರ?

ಬೆವರು ಒರೆಸಿಕೊಳ್ಳುತ್ತಿದ್ದ ಬೋರೇಗೌಡರಿಗೆ ನನ್ನ ಯೋಜನೆ ಉತ್ಸಾಹದಿಂದ ವಿವರಿಸಿದೆ. ನಿಮ್ಮ ಮೂರು ದಿನದ ಕೆಲಸ ಅರ್ಧ ಗಂಟೆಯಲ್ಲಿ ಆಗುತ್ತೆ ಗೌಡ್ರೇ ಅಂದೆ. ಅವರು ತಲೆಯಾಡಿಸಿ ಮತ್ತೆ ಹಾರೆ ಎತ್ತಿಕೊಂಡರು. ಒಳಗೆ ಹೋದ ಮೇಲೆ ವಿಶಾಲು ನನ್ನನ್ನು ಒಂದು ನಮೂನೆ ನೋಡಿದಳು. ‘ಅಲ್ರೀ, ಆ ಮನುಷ್ಯನ ಎದುರಿಗೇ ಹೇಳಿದ್ರಲ್ಲ. ಮುಂದೆ ಅವರೇನು ಮಾಡ್ಬೇಕು?’

ನನಗದು ಹೊಳೆದೇ ಇರಲಿಲ್ಲ. ಹೊಳೆಯುವಂತಿದ್ದರೆ ನಾನು ಬ್ಯಾಂಕಿನಲ್ಲಿ ಇಷ್ಟು ವರ್ಷ ಇರುತ್ತಿದ್ದೆನೇ?

ಮೆಷಿನ್ ಆಯ್ಕೆಗೆ ಕೂತೆ. ಅಭ್ಯಾಸ ಬಲ, ಮೂರು ಕೊಟೇಶನ್ ತರಿಸಿದೆ. ಒಂದು, ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ದೊಡ್ಡ ಮೆಷಿನ್, ಕೊಯಮತ್ತೂರಿನಿಂದ ಬರಬೇಕು. ಎರಡು, ನಮ್ಮ ಇಂಡಸ್ಟ್ರಿಯಲ್ ಏರಿಯಾದ ಒಬ್ಬರು ಪಂಪ್‌ಸೆಟ್ ಎಂಜಿನ್ ಹಾಕಿ ಮಾಡಿಕೊಡುತ್ತೇನೆ ಅಂದಿದ್ದು. (ಮಾದರಿ ತೋರಿಸಲು ಸ್ಟಾರ್ಟ್ ಮಾಡಿದರು. ಮೆಷಿನ್ ನಿಂತಲ್ಲೇ ನಿಂತಿತು, ಶೆಡ್ಡು ಅಲ್ಲಾಡಿತು.) ಮೂರು, ಅದೇ ಸಕಲೇಶಪುರದ ಎಸ್ಟೇಟಿನ ಮಾಲೀಕರು ಹೊರದೇಶದಿಂದ ತರಿಸಿ, ತಮ್ಮ ದೊಡ್ಡ ಬೊಡ್ಡೆಗಳಿಗೆ ಸಾಲದೆ ಮೂಲೆಗೆ ತಳ್ಳಿದ್ದ ಚಿಕ್ಕ ಮೆಷಿನ್. ಪೆಟ್ರೋಲ್ ಎಂಜಿನ್ನು, ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೋಗುವಂಥದು. ನೋಡಿದರೆ ಜಾತ್ರೆಯ ಆಟದ ಸಾಮಾನಿನ ಹಾಗಿತ್ತು.

ನಾನು ಹಾರ್ಸ್ ಪವರ್ ಹಿಂದೆ ಬಿದ್ದೆ. ವಿಶಾಲು ಬೇರೆ ಏನೋ ಮಾಡುತ್ತಿದ್ದಳು. ಸಂಜೆ ವಾಕಿಂಗಿಗೆ ಹೋಗುವಾಗ ಹೊಲಿಗೆಯ ಟೇಪು ತಗೊಂಡು ಹೋಗುತ್ತಿದ್ದಳು. ಬೀದಿಯ ಮನೆಮನೆಯ ಗೇಟು ಅಳೆದು ಪಕ್ಕದ ಸಂದಿಯನ್ನೂ ಅಳೆದು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಮೂರಡಿ. ಎರಡೂಮುಕ್ಕಾಲು. ಎರಡೂವರೆ. ಕೆಲವರು ಅವಳು ಮನೆಕಂದಾಯದ ಕಡೆಯಿಂದ ಬಂದಿದ್ದಾಳೆಂದು ಹೆದರಿ ಕಾಫಿ ಕೊಟ್ಟರು. ಒಬ್ಬಾಕೆ ಹಿಂದುಗಡೆ ಹೊಸದಾಗಿ ಕಟ್ಟಿಸಿದ ರೂಮು ದನದ ಕೊಟ್ಟಿಗೆ ಅಂತ ಕೇಳದೆಯೇ ಹೇಳಿದರಂತೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದಳು, ಬೊಡ್ಡೆ ಇರೋದು ಹಿತ್ತಲಲ್ಲಿ, ಮೆಷಿನ್ನು ಹಿತ್ತಲಿಗೆ ಹೋಗೋದು ಹೇಗೆ ಅಂತ. ನಾನು ನಕ್ಕೆ. ಮೆಷಿನ್ ಕೊಳ್ಳುವುದಕ್ಕೆ ಪವರ್ ನೋಡುತ್ತಾರೆಯೇ ಹೊರತು ಗೇಟು ನೋಡುವುದಿಲ್ಲ ಅಂದೆ. ಎಷ್ಟು ಜನಕ್ಕೆ ಟ್ರ್ಯಾಕ್ಟರ್ ಲೋನ್ ಮಾಡಿಸಿದವನು ನಾನು, ನನಗೆ ಗೊತ್ತಿಲ್ಲವೇ? ದೊಡ್ಡದನ್ನೇ ತಂದೆ, ಅದಕ್ಕೊಂದು ಬಾಡಿಗೆ ಟ್ರ್ಯಾಕ್ಟರೂ ಗೊತ್ತು ಮಾಡಿದೆ.

ಮೆಷಿನ್ ಬಂದ ದಿನ ಬೋರೇಗೌಡರನ್ನು ಕರೆಸಿದೆ. ಕರೆಸಿ ಅಂದವಳು ವಿಶಾಲು. ಅವರು ಬಂದು ಮೆಷಿನ್ ಸುತ್ತ ಎರಡು ಸುತ್ತು ಹಾಕಿ, ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

‘ಅಲ್ಲು ಚೆನ್ನಾಗವೆ ಸಾ,’ ಅಂದರು. ‘ಕಣ್ಣೆಲ್ಲವೆ?’

ಕಣ್ಣು ಯಾಕೆ ಅಂದೆ. ಬುಡದಲ್ಲಿ ಕಲ್ಲಿರುತ್ತೆ, ತಂತಿ ಸೇರಿಕೊಂಡಿರುತ್ತೆ, ಬೇರು ಮನೆ ಪಾಯದ ಕೆಳಗೆ ಹೋಗಿರುತ್ತೆ, ಮೆಷಿನ್ನಿಗೆ ಅದೆಲ್ಲ ಕಾಣುತ್ತಾ ಅಂತ ಕೇಳಿದರು. ನಾನು ಕ್ಯಾಟಲಾಗ್ ತಿರುವಿಹಾಕಿದೆ. ಕಣ್ಣಿನ ವಿಷಯ ಅದರಲ್ಲಿರಲಿಲ್ಲ. ವಿಶಾಲು ಕಾಫಿ ತಂದಿಟ್ಟು, ‘ನೀವೇ ಬನ್ನಿ ಗೌಡ್ರೇ ಇವರ ಜೊತೆ. ಕೂಲಿಗಲ್ಲ, ಪಾಲಿಗೆ,’ ಅಂದಳು. ನನ್ನನ್ನು ಕೇಳಲಿಲ್ಲ. ಗೌಡರೂ ನನ್ನ ಕಡೆ ನೋಡಲಿಲ್ಲ. ಹೀಗೆ ನಮ್ಮ ಪಾಲುದಾರಿಕೆ ಒಂದು ಲೋಟ ಕಾಫಿಯಲ್ಲಿ ಕುದುರಿತು.

ಮೊದಲ ಕೆಲಸ ಹೊಳೆನರಸೀಪುರದಲ್ಲಿ, ವಿಶಾಲುವಿನ ಅಣ್ಣ ರಾಘಣ್ಣನ ಮನೆಯಲ್ಲಿ. ಸಂಬಂಧಿಕರ ಮನೆಯಿಂದ ಶುರು ಮಾಡಿದರೆ ಶುಭ ಅಂತ ನಾನೇ ಹೇಳಿದ್ದು. ಹಳೇ ಬೀದಿ, ಹಳೇ ಮನೆ, ಹಿತ್ತಲಲ್ಲಿ ಹಲಸಿನ ಬೊಡ್ಡೆ. ಮನೆ ಪಕ್ಕದ ಸಂದಿ ಮೂರಡಿ. ಟ್ರ್ಯಾಕ್ಟರು ಆರಡಿ.

ಬೀದಿಯೆಲ್ಲ ಸೇರಿತ್ತು. ವಾಪಸ್ ಹೋಗುವುದು ಅವಮಾನ. ರಾಘಣ್ಣ ಸಂಭಾವಿತ. ತಂಗಿಯ ಗಂಡ ಹೊಸ ಉದ್ಯೋಗ ಮಾಡುತ್ತಿದ್ದಾನೆ ಅನ್ನುವ ಒಂದೇ ಕಾರಣಕ್ಕೆ, ಪಕ್ಕದ ಗಲ್ಲಿಯ ಕಡೆಯ ಕಾಂಪೌಂಡ್ ಗೋಡೆ ಒಡೆದುಬಿಡಿ ಭಾವ ಅಂದ. ಒಡೆದೆವು. ಟ್ರ್ಯಾಕ್ಟರು ಒಳಗೆ ಹೋಗುವಾಗ ಬಟ್ಟೆ ಒಗೆಯುವ ಕಲ್ಲು ಎರಡಾಯಿತು. ಹೋಗಲಿ. ಮೆಷಿನ್ ಸ್ಟಾರ್ಟ್ ಆಯಿತು. ಇಪ್ಪತ್ತು ನಿಮಿಷಕ್ಕೆ ಹಲಸಿನ ಬೊಡ್ಡೆ ಹಳದಿ ಪುಡಿಯಾಗಿ ರಾಶಿ ಬಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಬೆವರು ಒರೆಸಿಕೊಂಡೆ. (ಬೆವರಿರಲಿಲ್ಲ. ಆದರೂ ಒರೆಸಿಕೊಂಡೆ.)

ಆಮೇಲೆ ಗೊತ್ತಾಯಿತು, ಟ್ರ್ಯಾಕ್ಟರು ತಿರುಗಿಸುವುದಕ್ಕೆ ಜಾಗವಿಲ್ಲ. ಹಿಂದೆ ಬರೋಣ ಅಂದರೆ, ನಾವು ಒಳಗೆ ಬಂದ ಮೇಲೆ ಉಳಿದ ಗೋಡೆಯೂ ಕುಸಿದು ಕಲ್ಲುಗಳು ಗಲ್ಲಿಯನ್ನು ಕಟ್ಟಿಕೊಂಡು ಕೂತಿದ್ದವು. ಮುಂದೆ ಹೋಗೋಣ ಅಂದರೆ ಹಿಂಬದಿಯ ಮನೆಯವರ ಗೋಡೆ. ಆ ಗೋಡೆ ಅರ್ಧ ಅಡಿ ಈಚೆ ಬಂದಿದೆ ಅಂತ ರಾಘಣ್ಣನಿಗೂ ಅವರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ನಾನು ಹೋಗಿ ಕೈಮುಗಿದು ಕೇಳಿದೆ. ಅವರು ತಕ್ಷಣ ಒಪ್ಪಿದರು. ಒಪ್ಪಿದ ಅವಸರ ನೋಡಿ ನನಗೆ ಅನುಮಾನ ಬರಬೇಕಿತ್ತು. ಗೋಡೆ ಒಡೆದೆವು, ಟ್ರ್ಯಾಕ್ಟರು ಆಚೆ ಬಂತು, ಅವರು ಮಾರನೇ ವಾರ ಗೋಡೆಯನ್ನು ಇನ್ನರ್ಧ ಅಡಿ ಈಚೆ ಕಟ್ಟಿಕೊಂಡರು. ರಾಘಣ್ಣ ನನ್ನ ಜೊತೆಯೂ ಎರಡು ತಿಂಗಳು ಮಾತು ಬಿಟ್ಟ.

ಆವತ್ತು ಮನೆಗೆ ಬಂದಾಗ ವಿಶಾಲು ದೋಸೆ ಬಡಿಸಿದಳು. ನನ್ನ ತಟ್ಟೆಯ ಪಕ್ಕ ಗೇಟಿನ ನೋಟ್‌ಬುಕ್ಕು ಇಟ್ಟಿದ್ದಳು. ಅಷ್ಟೇ. ಬೈದಿದ್ದರೆ ಇನ್ನೂ ಎರಡು ದೋಸೆ ತಿನ್ನುತ್ತಿದ್ದೆ.

ಮಾರನೇ ದಿನವೇ ಎಸ್ಟೇಟಿನವರಿಗೆ ಫೋನ್ ಮಾಡಿದೆ. ಅವರಿಗೆ ದೊಡ್ಡದು ಬೇಕಿತ್ತು, ನಮಗೆ ಚಿಕ್ಕದು. ಅದಲು ಬದಲು ಮಾಡಿಕೊಂಡೆವು. ಚಿಕ್ಕ ಮೆಷಿನ್ನಿನ ಅಗಲ ಎರಡೂಕಾಲು ಅಡಿ. ಅದು ಹೋಗದ ಗೇಟು ವಿಶಾಲುವಿನ ನೋಟ್‌ಬುಕ್ಕಿನಲ್ಲಿ ಎರಡೇ ಎರಡಿದ್ದವು.

ಅಲ್ಲಿಂದ ವ್ಯಾಪಾರ ಹತ್ತಿತು ನೋಡಿ. ಲಗೇಜ್ ಆಟೋಗೆ ಹಲಗೆ ಇಟ್ಟು ಮೆಷಿನ್ ಹತ್ತಿಸಿದರೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಫೋನ್ ಬುಕಿಂಗ್ ವಿಶಾಲುವಿನದು. ಯಾರು ಫೋನ್ ಮಾಡಿದರೂ ಅವಳು ಮರದ ಹೆಸರು ಕೇಳುವ ಮೊದಲು ಗೇಟಿನ ಅಗಲ ಕೇಳುತ್ತಿದ್ದಳು. ಬೋರೇಗೌಡರು ಬೊಡ್ಡೆಯ ಸುತ್ತ ಓಡಾಡಿ, ಹಾರೆಯಿಂದ ಅಲ್ಲಲ್ಲಿ ಕುಟ್ಟಿ, ಸದ್ದು ಕೇಳಿ, ಕಲ್ಲಿದ್ದ ಕಡೆ ಸುಣ್ಣದಿಂದ ಗುರುತು ಹಾಕುತ್ತಿದ್ದರು. ನಾನು ಹ್ಯಾಂಡಲ್ ಹಿಡಿಯುತ್ತಿದ್ದೆ. ಮೂವರಲ್ಲಿ ಬುದ್ಧಿ ಬೇಡದ ಕೆಲಸ ನನ್ನದೇ ಅಂತ ಅರ್ಥವಾಗಲು ವರ್ಷ ಹಿಡಿಯಿತು.

ಎಲ್ಲವನ್ನೂ ಪೆಟ್ಟು ತಿಂದೇ ಕಲಿತೆವು. ಚನ್ನರಾಯಪಟ್ಟಣ ಅಂದರೆ ತೆಂಗು. ಮೊದಲ ಸಲ ಅಲ್ಲಿ ಹಸಿ ತೆಂಗಿನ ಬೊಡ್ಡೆಗೆ ಮೆಷಿನ್ ಹಚ್ಚಿದಾಗ ನಾರು ಚಕ್ರಕ್ಕೆ ಜಡೆ ಹೆಣೆದ ಹಾಗೆ ಸುತ್ತಿಕೊಂಡು ಎಂಜಿನ್ ಉಸಿರುಗಟ್ಟಿ ನಿಂತಿತು. ಇಬ್ಬರೂ ಮಧ್ಯಾಹ್ನದವರೆಗೆ ಕುಡುಗೋಲು ಹಿಡಿದು ಸಿಕ್ಕು ಬಿಡಿಸಿದೆವು. ತೆಂಗು ಕಡಿದ ಮೇಲೆ ಒಂದು ಬೇಸಿಗೆ ಒಣಗಲು ಬಿಡಬೇಕು ಅಂತ ಗೌಡರು ಮೊದಲೇ ಹೇಳಿದ್ದರು. ನಾನು ಕ್ಯಾಟಲಾಗಿನಲ್ಲಿ ಹಾಗಿಲ್ಲ ಅಂದಿದ್ದೆ. ಕ್ಯಾಟಲಾಗ್ ಬರೆದವನು ತೆಂಗಿನಮರ ನೋಡಿದ್ದನೋ ಇಲ್ಲವೋ, ಯಾರಿಗೆ ಗೊತ್ತು?

ಇಷ್ಟು ಹೇಳಿದ್ದು ಹೋದ ತಿಂಗಳಿನ ಕಥೆ ಹೇಳುವುದಕ್ಕೆ.

ಅರಕಲಗೂಡು ದಾಟಿ ಕೊಂಚ ದೂರದಲ್ಲಿ ಒಂದು ಊರು. ಹೆಸರು ಬೇಡ. ಊರ ಮುಂದಿನ ಹಳೇ ಹುಣಸೆ ಮರ ಕಡಿದು ಅಲ್ಲಿ ಹಾಲಿನ ಡೈರಿಗೆ ಕಟ್ಟಡ ಕಟ್ಟಬೇಕಿತ್ತು. ಡೈರಿಯ ಸೆಕ್ರೆಟರಿ ಚುರುಕಿನ ಹುಡುಗ. ಗುರುವಾರವೇ ಬರಬೇಕು, ಬೇಗ ಬರಬೇಕು, ಬೇಗ ಮುಗಿಸಬೇಕು ಅಂತ ಮೂರು ಸಲ ಫೋನ್ ಮಾಡಿದ್ದ. ಯಾಕೆ ಇಷ್ಟು ಅವಸರ ಅಂತ ನಾನು ಕೇಳಲಿಲ್ಲ.

ಬೊಡ್ಡೆ ಎರಡು ಆಳು ತಬ್ಬುವಷ್ಟು ದಪ್ಪ. ಮರ ಕಡಿದವರು ನೆಲದ ಮಟ್ಟಕ್ಕೆ ಕೊಯ್ಯದೆ ಸೊಂಟದ ಎತ್ತರ ಬಿಟ್ಟು ಹೋಗಿದ್ದರು. ಬೋರೇಗೌಡರು ಅದರ ಸುತ್ತ ಓಡಾಡಿ ತೊಗಟೆ ಸವರಿ ನೋಡಿ ಮುಖ ಸಣ್ಣದು ಮಾಡಿದರು.

‘ಗರಗಸದೋರು ಇಲ್ಲಿಗೇ ಯಾಕೆ ನಿಲ್ಸವ್ರೆ ಸಾ? ತೊಗಟೆ ಕೆತ್ತಿ ನೋಡ್ಬುಡಾವ.’

ನಾನು ವಾಚು ನೋಡಿಕೊಂಡೆ. ಮಧ್ಯಾಹ್ನ ಹೊಳೆನರಸೀಪುರದಲ್ಲಿ ಇನ್ನೊಂದು ಬುಕಿಂಗ್ ಇತ್ತು. ಹುಣಸೆ ಗಟ್ಟಿ ಮರ, ಕೆತ್ತುತ್ತಾ ಕೂತರೆ ಸಂಜೆಯಾಗುತ್ತದೆ ಅಂದೆ. ಸೆಕ್ರೆಟರಿಯೂ ನನ್ನ ಮಾತಿಗೆ ತಾಳ ಹಾಕಿದ. ಮೆಷಿನ್ ಸ್ಟಾರ್ಟ್ ಮಾಡಿದೆ. ಹೆಂಗಸರು, ಮಕ್ಕಳು ಸುತ್ತ ನೆರೆದರು.

ಐದು ನಿಮಿಷ ಎಲ್ಲ ಚೆನ್ನಾಗಿತ್ತು. ಆರನೇ ನಿಮಿಷಕ್ಕೆ ಬೊಡ್ಡೆಯೊಳಗಿಂದ ಬೆಂಕಿಯ ಕಿಡಿ ಬಂತು. ಕಟಕಟ ಅಂತ ಮೂರು ಹಲ್ಲು ಹಾರಿದವು. ಒಂದು ಹೋಗಿ ಡೈರಿಯ ಹಾಲಿನ ಕ್ಯಾನಿಗೆ ಬಡಿದು ಗಂಟೆ ಬಾರಿಸಿದ ಹಾಗಾಯಿತು. ಎಂಜಿನ್ ಆಫ್ ಮಾಡಿ ತಲೆಯೆತ್ತಿ ನೋಡುತ್ತೇನೆ, ಸುತ್ತ ಇದ್ದ ಜನ ಮಾಯ. ನಾನು, ಗೌಡರು, ಒಂದು ಮೇಕೆ. ಸೆಕ್ರೆಟರಿ ಕೂಡ ಇರಲಿಲ್ಲ.

ಗೌಡರು ಕೊಡಲಿಯಿಂದ ತೊಗಟೆ ಎಬ್ಬಿಸಿದರು. ಒಳಗೆ ಮೊಳೆಗಳು. ಒಂದೆರಡಲ್ಲ. ಬೆರಳುದ್ದದ, ಚೌಕ ತಲೆಯ, ಕಮ್ಮಾರ ಕೈಯಲ್ಲಿ ಬಡಿದ ಹಳೇ ಮೊಳೆಗಳು. ತುಕ್ಕು ಹಿಡಿದು ಮರದೊಳಗೆ ಮುಳುಗಿಹೋಗಿದ್ದವು.

ಯಾರಿಗಾದರೂ ದೆವ್ವ ಮೆಟ್ಟಿಕೊಂಡರೆ ಹಿಂದೆ ಹುಣಸೆ ಮರದ ಬುಡದಲ್ಲಿ ಕೂರಿಸಿ, ಕೂದಲಿನ ಒಂದು ಎಳೆಯನ್ನು ಮರಕ್ಕೆ ಸೇರಿಸಿ ಮೊಳೆ ಹೊಡೆಯುತ್ತಿದ್ದರು. ಕೂದಲು ಕತ್ತರಿಸಿದರೆ ಮನುಷ್ಯ ಈಚೆಗೆ, ದೆವ್ವ ಮರಕ್ಕೆ. ಕೂತವರ ತಲೆಯ ಎತ್ತರಕ್ಕೆ ಮೊಳೆ. ಮರ ಕಡಿಯುವಾಗ ಊರ ಹಿರಿಯರು ಅಷ್ಟು ಭಾಗ ಮುಟ್ಟಬೇಡಿ ಅಂದಿದ್ದರಂತೆ. ಗುರುವಾರ ಆ ಹಿರಿಯರೆಲ್ಲ ಪಕ್ಕದ ಊರಿನ ಮದುವೆಗೆ ಹೋಗಿರುತ್ತಾರೆ ಅನ್ನುವುದು ಸೆಕ್ರೆಟರಿಯ ಲೆಕ್ಕಾಚಾರ.

ಹಿರಿಯರು ಬೇಗ ಬಂದುಬಿಟ್ಟರು. ಟ್ರ್ಯಾಕ್ಟರಿನಿಂದ ಇಳಿದ ಹದಿನೈದು ಜನ, ಕೈಯಲ್ಲಿ ಮದುವೆಯ ತೆಂಗಿನಕಾಯಿ ಚೀಲ. ಊರ ಯಜಮಾನರು ಬೊಡ್ಡೆ ನೋಡಿ, ನನ್ನನ್ನು ನೋಡಿ, ಕಲ್ಲಿನ ಮೇಲೆ ಕೂತರು. ದೆವ್ವಗಳನ್ನು ಬಿಟ್ಟುಬಿಟ್ಟಿದ್ದೀರಿ, ಅವಕ್ಕೊಂದು ದಾರಿ ಮಾಡುವ ತನಕ ಮೆಷಿನ್ನು ಊರು ಬಿಡುವ ಹಾಗಿಲ್ಲ ಅಂದರು. ಅಷ್ಟರಲ್ಲಿ ಯಾರದೋ ಮಗು ವಾಂತಿ ಮಾಡಿತು. ಒಬ್ಬಳಿಗೆ ಮೈಕೈ ನೋವು ಶುರುವಾಯಿತು. (ಮಗು ಬೆಳಿಗ್ಗೆಯಿಂದ ಮಾವಿನಕಾಯಿ ತಿನ್ನುತ್ತಿತ್ತು. ನಾನೇ ನೋಡಿದ್ದೆ. ಆದರೆ ಸಾಕ್ಷಿ ಹೇಳುವ ಸಮಯವಾಗಿರಲಿಲ್ಲ ಅದು.)

ನನಗೆ ನಿಜಕ್ಕೂ ಭಯವಾಯಿತು. ಇದ್ದದ್ದು ಅದೊಂದೇ ಮೆಷಿನ್. ಅದು ಇಲ್ಲೇ ಉಳಿದರೆ ನಾಳೆಯಿಂದ ನಾನೂ ಗೌಡರೂ ಯಾರ ಹಿತ್ತಲಿಗೆ ಹೋಗುವುದು? ದಾರಿ ಮಾಡುವುದು ಅಂದರೇನು ಅಂತ ಕೇಳಿದೆ. ಎಲ್ಲ ಮೊಳೆ ಕಿತ್ತು ಇನ್ನೊಂದು ಮರಕ್ಕೆ ಹೊಡೆಯಬೇಕು ಅಂದರು. ಸರಿ, ಯಾವ ಮರ?

ಇಲ್ಲಿ ಊರು ಸಿಕ್ಕಿಬಿತ್ತು. ಒಬ್ಬರ ಹೊಲದ ಹುಣಸೆ ಇತ್ತು, ಅವರು ತಮ್ಮ ಸೊಸೆ ಗರ್ಭಿಣಿ ಅಂದರು. ಇನ್ನೊಬ್ಬರ ಮನೆ ಮುಂದಿನ ಬೇವು ಇತ್ತು, ಅವರು ಅದು ಬಾಳುವ ಮರವೇ ಅಲ್ಲ ಅಂದರು. ರಸ್ತೆ ಬದಿಯ ಸರ್ಕಾರಿ ಮರ ಅಂತ ಯಾರೋ ಅಂದರು, ಆ ರಸ್ತೆಯಲ್ಲಿ ಮಕ್ಕಳು ಸ್ಕೂಲಿಗೆ ಹೋಗುತ್ತವೆ ಅಂತ ಮತ್ತೊಬ್ಬರು. ಊರ ಗಡಿಯ ಆಚೆ ಹೊಡೆಯೋಣ ಅಂದಾಗ, ಮದುವೆ ಟ್ರ್ಯಾಕ್ಟರಿನಲ್ಲಿ ಜೊತೆಗೆ ಬಂದಿದ್ದ ಆಚೆ ಊರಿನ ಇಬ್ಬರು ಎದ್ದು ನಿಂತರು. ದೆವ್ವಗಳಿಗೆ ಒಂದು ವ್ಯವಸ್ಥೆ ಆಗಲೇಬೇಕು ಅನ್ನುವುದರಲ್ಲಿ ಎಲ್ಲರೂ ಒಂದು. ಆದರೆ ನಮ್ಮ ಮನೆ ಹತ್ತಿರ ಬೇಡ. ನಮ್ಮ ಬೀದಿಯ ಕಸದ ತೊಟ್ಟಿಯ ವಿಷಯದಲ್ಲೂ ಹೀಗೇ ಅಲ್ಲವೇ?

ನನ್ನ ಮೊಬೈಲಿಗೆ ಸಿಗ್ನಲ್ ಸಿಕ್ಕಿದ್ದು ಸ್ಕೂಲಿನ ಜಗಲಿಯ ಮೇಲೆ. ವಿಶಾಲುವಿಗೆ ಎಲ್ಲ ಹೇಳಿದೆ. ಗೌಡ್ರು ಮೊದಲೇ ಹೇಳಿರಲಿಲ್ವಾ ಅಂತ ಕೇಳಿದಳು. ಸಿಗ್ನಲ್ ಸರಿಯಿಲ್ಲ ಅಂದೆ. ಕೊನೆಗೆ ಅವಳೇ ದಾರಿ ಹೇಳಿದಳು.

‘ಮೊಳೆ ಕಿತ್ತು ಸಾಲಾಗಿ ಇಡಿ. ಯಾರ ಮನೇದು ಯಾವುದು ಅಂತ ಹೇಳಿ, ಅವರವರದ್ದು ಅವರವರು ತಗೊಂಡು ಹೋಗಲಿ.’

ಯಜಮಾನರಿಗೆ ಇದು ಧರ್ಮವಾದ ಮಾತು ಅನ್ನಿಸಿತು. ಒಳಗೆ ಮುಳುಗಿದ ಮೊಳೆಗಳನ್ನು ಹುಡುಕುವ ಬಗೆ ಬೋರೇಗೌಡರದು. ಊರಿನ ಮೈಕ್‌ಸೆಟ್ಟಿನ ಕೆಟ್ಟುಹೋದ ಸ್ಪೀಕರ್ ತರಿಸಿ, ಅದರ ಅಯಸ್ಕಾಂತ ಬಿಚ್ಚಿ ದಾರ ಕಟ್ಟಿ, ಬೊಡ್ಡೆಯ ಮೇಲೆ ಎಳೆಯುತ್ತಾ ಹೋದರು. ಅದು ಅಂಟಿಕೊಂಡ ಕಡೆ ಉಳಿ ಹಾಕಿದರು. ಪ್ರತಿ ಸಲ ಅದು ಅಂಟಿದಾಗಲೂ ಜನ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಗೋಣಿಚೀಲದ ಮೇಲೆ ಮೂವತ್ತೇಳು ಮೊಳೆಗಳು ಸಾಲಾಗಿ ಮಲಗಿದ್ದವು. ಒಂದೆರಡರ ಬುಡದಲ್ಲಿ ಕೂದಲ ಎಳೆ ಕೂಡ ಉಳಿದಿತ್ತು. ಉದ್ದ ಕೂದಲು.

ಯಜಮಾನರು ಕೂಗಿ ಹೇಳಿದರು, ನಿಮ್ಮ ನಿಮ್ಮ ಮನೆಯದನ್ನು ಬಂದು ತಗೊಳ್ಳಿ.

ಯಾರೂ ಬರಲಿಲ್ಲ.

ಬಂದರೆ, ನಮ್ಮ ಮನೆಯಲ್ಲಿ ದೆವ್ವ ಮೆಟ್ಟಿತ್ತು ಅಂತ ಒಪ್ಪಿಕೊಂಡ ಹಾಗೆ. ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಹುಡುಗಿಯರಿರುತ್ತಾರೆ. ಒಬ್ಬರಿಗೆ ಹಾಲು ಕರೆಯುವ ಹೊತ್ತಾಯಿತು. ಒಬ್ಬರಿಗೆ ಬಸ್ಸು ನೆನಪಾಯಿತು. ಬೆಳಿಗ್ಗೆಯಿಂದ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದವರು, ನಮ್ಮದು ಈ ಊರೇ ಅಲ್ಲ, ಅಜ್ಜನ ಕಾಲದಲ್ಲಿ ವಲಸೆ ಬಂದವರು ಅಂದರು. ಅರ್ಧ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದ ಮೂವತ್ತೇಳು ದೆವ್ವಗಳಲ್ಲಿ ಒಂದಕ್ಕೂ ವಾರಸುದಾರರಿಲ್ಲ. ಯಜಮಾನರೇ ಟವೆಲ್ ಕೊಡವಿಕೊಂಡು ಆಕಾಶ ನೋಡತೊಡಗಿದರು.

ನಾನು ಮೆಷಿನ್ ಆಟೋಗೆ ಹತ್ತಿಸೋಣ ಅಂತ ಗೌಡರಿಗೆ ಸನ್ನೆ ಮಾಡಿದೆ. ಆಗ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜಿ ದಾರಿಯಲ್ಲಿ ಹೋಗುತ್ತಿದ್ದವಳು ನಿಂತಳು. ಎಪ್ಪತ್ತು ದಾಟಿರಬೇಕು. ನಿಂಗಮ್ಮ ಅಂತ ಹೆಸರು. ಹೊರೆ ಇಳಿಸಿ, ಗೋಣಿಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಳೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ತರಕಾರಿ ಆರಿಸುವವರ ಹಾಗೆ. ಕೊನೆಗೆ ತಲೆ ಸೊಟ್ಟಗಾಗಿದ್ದ ಒಂದನ್ನು ಎತ್ತಿಕೊಂಡಳು.

‘ಇದು ನಂದು,’ ಅಂದಳು. ‘ಒಡಿಯೋವಾಗ ಬಗ್ಗೋಯ್ತು. ನಂಗೆ ಗ್ಯಾನ ಅದೆ.’

ಯಜಮಾನರು ಮೆಲ್ಲಗೆ, ಅದು ನಿಂದಲ್ಲ ಕಣವ್ವ, ನಿನಗೆ ಮೆಟ್ಟಿಕೊಂಡಿದ್ದ ದೆವ್ವದ್ದು ಅಂದರು.

‘ಯಾವ ದೆವ್ವ ಕಣಪ್ಪ? ಮದ್ವೆ ಆಗಿ ಬಂದಾಗ ನಂಗೆ ಅದ್ನಾಕು ವರ್ಸ. ನಮ್ಮವ್ವುನ್ ತಾವ ಓಯ್ತೀನಿ ಅಂತ ಅಳ್ತಿದ್ದೆ. ಇಟ್ಟು ತಿಂತಿರ್ನಿಲ್ಲ. ಅದ್ಕೇ ದೆವ್ವ ಅಂದ್ರು.’

ತವರು ಯಾವುದವ್ವ ಅಂತ ಬೋರೇಗೌಡರು ಕೇಳಿದರು. ಹಾಸನದ ಹತ್ತಿರದ ಮೊಸಳೆ ಅನ್ನುವ ಊರಿನ ಹೆಸರು ಹೇಳಿದಳು. ಈಗ ಬಸ್ಸು ಹಿಡಿದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್ ಬರುವ ದೂರ.

‘ಮೊಳೆ ಒಡುದ್ಮೇಲೆ ಅಳು ನಿಂತ್ತಾ?’ ಗೌಡರೇ ಮತ್ತೆ ಕೇಳಿದರು.

‘ನಾನೇ ನಿಲ್ಸ್‌ದೆ,’ ಅಂದಳು ನಿಂಗಮ್ಮ. ‘ಇನ್ನೊಂದು ಒಡುದ್ರೆ ಏನ್ಮಾಡನೆ?’

ನಗಬೇಕೋ ಬೇಡವೋ ತಿಳಿಯದೆ ಕೆಲವರು ನಕ್ಕರು. ಅವಳೂ ನಕ್ಕಳು. ಇದನ್ನೇನು ಮಾಡುತ್ತೀಯ ಅಂತ ನಾನು ಕೇಳಿದ್ದಕ್ಕೆ, ಮೊಳೆಯನ್ನು ಸೆರಗಿಗೆ ಉಜ್ಜುತ್ತಾ, ಗೋಡೆಗೆ ಹೊಡೆದುಕೊಳ್ಳುತ್ತೇನೆ, ಬ್ಯಾಗು ನೇತುಹಾಕುವುದಕ್ಕೆ ಆಗುತ್ತದೆ, ಈಗಿನ ಮೊಳೆ ಇಷ್ಟು ಗಟ್ಟಿ ಇರುವುದಿಲ್ಲ ಅಂದಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹುಲ್ಲಿನ ಹೊರೆಗೆ ಕೈ ಕೊಡಿ ಅಂದಳು. ಯಜಮಾನರೇ ಎದ್ದು ಬಂದು ಹೊರೆ ಎತ್ತಿಕೊಟ್ಟರು. ಆಮೇಲೆ ನಮ್ಮ ಕಡೆ ತಿರುಗದೆಯೇ, ಮೆಷಿನ್ನು ತಗೊಂಡೋಗಿ, ನಾಳೆ ಬಂದು ಮುಗಿಸಿ ಅಂದರು.

ಮಾರನೇ ದಿನ ಹೊಸ ಹಲ್ಲು ಹಾಕಿ ಮುಗಿಸಿದೆವು. ಒಂದು ಕಿಡಿಯೂ ಬರಲಿಲ್ಲ. ಆ ಸ್ಪೀಕರಿನ ಅಯಸ್ಕಾಂತವನ್ನು ಊರವರು ನಮಗೇ ಕೊಟ್ಟುಬಿಟ್ಟರು. ನಮ್ಮ ಇಡೀ ಸಲಕರಣೆಯಲ್ಲಿ ಪುಕ್ಕಟೆ ಬಂದದ್ದು ಅದೊಂದೇ, ಈಗ ಅದಿಲ್ಲದೆ ಗೌಡರು ಯಾವ ಬೊಡ್ಡೆಯನ್ನೂ ಮುಟ್ಟಲು ಬಿಡುವುದಿಲ್ಲ. ನಮ್ಮ ಅಯಸ್ಕಾಂತ ದೆವ್ವ ಹಿಡಿಯುತ್ತದೆ ಅಂತ ಸುದ್ದಿ ಹೇಗೋ ಹಬ್ಬಿದೆ. ಚನ್ನರಾಯಪಟ್ಟಣದಿಂದ ಒಬ್ಬರು ಫೋನ್ ಮಾಡಿ, ಬೊಡ್ಡೆ ಇಲ್ಲ, ಮನೆಯಲ್ಲೇ ಸ್ವಲ್ಪ ಅಯಸ್ಕಾಂತ ಆಡಿಸಿ ಹೋಗಿ, ಕೇಳಿದಷ್ಟು ಕೊಡುತ್ತೇವೆ ಅಂದರು. ನನಗೆ ಒಂದು ಕ್ಷಣ ಆಸೆಯಾದದ್ದು ನಿಜ. ವಿಶಾಲು ಫೋನ್ ಕಿತ್ತುಕೊಂಡು, ಮನೆಯಲ್ಲಿ ಯಾರು ಅಳುತ್ತಿದ್ದಾರೆ ಅಂತ ಕೇಳಿದಳು. ಆ ಕಡೆಯವರು ಇಟ್ಟುಬಿಟ್ಟರು.

ಎರಡನೇ ಮೆಷಿನ್ ತಗೊಳ್ಳುವ ಮಾತು ನಡೆದಿದೆ. ಈ ಸಲ ಆಯ್ಕೆ ಮಾಡುವುದು ಗೌಡರು ಮತ್ತು ವಿಶಾಲು. ನಾನು ಕ್ಯಾಟಲಾಗ್ ಓದಿ ಹೇಳುತ್ತೇನೆ, ಅಷ್ಟೇ.

ಉಳಿದ ಮೂವತ್ತಾರು ಮೊಳೆಗಳನ್ನು ಆ ಊರಿನವರು ಇಟ್ಟುಕೊಳ್ಳಲಿಲ್ಲ. ನಮ್ಮ ಶೆಡ್ಡಿನಲ್ಲಿ ಒಂದು ಡಬ್ಬದಲ್ಲಿವೆ. ಮೊನ್ನೆ ವಿಶಾಲು ಅವನ್ನು ಒಂದೊಂದಾಗಿ ಒರೆಸಿ ಇಡುತ್ತಾ ಕೇಳಿದ ಪ್ರಶ್ನೆಯನ್ನು ನಿಮಗೇ ದಾಟಿಸುತ್ತೇನೆ: ಇದರಲ್ಲಿ ದೆವ್ವದ್ದು ಎಷ್ಟು, ಅವ್ವನ ಹತ್ತಿರ ಹೋಗ್ತೀನಿ ಅಂದವರದ್ದು ಎಷ್ಟು?